ಕೆಂಪು ತೇಪೆ

ಕಾಕಿಯ ಪ್ಲಾಸ್ಟಿಕ್ ಕೊಡ ನೀಲಿಯಾಗಿತ್ತು. ನೆನಪು ಆಗಾಗ ಅದನ್ನು ಹಸಿರು ಮಾಡುತ್ತದೆ. ತೊಂಬತ್ತರ ದಶಕದ ಬೈಲಹೊಂಗಲ. ವಾರಕ್ಕೊಮ್ಮೆ ನಳದ ನೀರು ಬರುವ ದಿನವೇ ಇದ್ದ ಒಂದೇ ಕೊಡ ಸೀಳು ಬಿಟ್ಟಿತ್ತು. ಓಣಿಗೆ ಬಂದಿದ್ದ ಕೊಡ ಬೆಸೆಯುವ ಅಜ್ಜನಿಗೆ ತೇಪೆಗೆಂದು ನನ್ನ ಕೆಂಪು ಬಾಚಣಿಗೆ ಕೊಟ್ಟೆ. ಅವನು ತುದಿ ಸುಟ್ಟು ಮೂಸಿದ.

"ಇದು ಕೂಡಂಗಿಲ್ಲ ತಂಗಿ. ಕೊಡ ಸುಟ್ರ ಮೇಣಬತ್ತಿ ವಾಸನಿ ಬರತೈತಿ. ಇದು ಬ್ಯಾರೆ."

ನಾನು ಹಟ ಹಿಡಿದೆ. "ಹುಡುಗಿ ಆಸಿ, ಹಚ್ರಿ," ಎಂದಳು ಕಾಕಿ.

ಕಾದ ಕಬ್ಬಿಣದಡಿ ಕೆಂಪು ಕರಗಿ ನೀಲಿಯೊಳಗೆ ಮೋಡದಂತೆ ಹರಡಿತು. ಕೊಡ ಅರ್ಧ ತುಂಬುತ್ತಲೇ ತೇಪೆ ಎದ್ದು ಬಂತು.

"ನಿನ್ನ ಚಂದ ಗಟಾರಕ್ಕ ಹೋತು," ಎಂದು ಅಜ್ಜ ನಕ್ಕ. ಕೊಡದ ಕಂಠದಿಂದಲೇ ಚೂರು ಕೊಯ್ದು ಬೆಸೆದ. ನಳ ನಿಲ್ಲುವ ಮೊದಲು ಕಾಕಿ ನೀರು ತುಂಬಿದಳು.

ಕೆಂಪು ಬಿಲ್ಲೆಯನ್ನು ಗಟಾರದಿಂದ ಆರಿಸಿ ತಿರುಗಿಸಿದೆ. ಹಿಂಬದಿಗೆ ನೀಲಿ ಚೂರೂ ಅಂಟಿರಲಿಲ್ಲ. ಹಾಗಾದರೆ ನೀಲಿಯೊಳಗೆ ನಾನು ನೋಡಿದ ಆ ಕೆಂಪು ಮೋಡ?