ತನ್ನದೇ ನೋಟೀಸು ಹೊತ್ತ ಹವಾಲ್ದಾರ

ಗೋಕಾಕದ ಕಾಲೇಜಿನ ಫುಟ್ಬಾಲ್ ತಂಡಕ್ಕೆ ಆರು ವರ್ಷ ಆಟ ಕಲಿಸಿದ ಸತ್ತೆಪ್ಪ ಮೇತ್ರಿ, ಕಾಲೇಜಿನ ದಫ್ತರದಲ್ಲಿ ಬರೀ ಜವಾನ, ಆ ಕಡೆಯ ಮಾತಿನಲ್ಲಿ ಹವಾಲ್ದಾರ. ಬೆಳಿಗ್ಗೆ ಗಂಟೆ ಬಾರಿಸುವುದು, ಹೂಜಿಗೆ ನೀರು ತುಂಬುವುದು, ಟಪಾಲು ಮುಟ್ಟಿಸುವುದು ಅವನ ಕೆಲಸ. ಸಂಜೆ ಐದಕ್ಕೆ ಖಾಕಿ ಟೊಪ್ಪಿಗೆ ತೆಗೆದು ಮೊಳೆಗೆ ಸಿಕ್ಕಿಸಿ, ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನಕ್ಕಿಳಿದರೆ, ಮಧ್ಯಾಹ್ನ "ಏ ಹವಾಲ್ದಾರ, ನೀರ ತಾ" ಅಂದ ಹುಡುಗರೇ "ಸರ್" ಅನ್ನುತ್ತಿದ್ದರು. ಆ ಎರಡು ತಾಸಿಗಾಗಿಯೇ ಅವನು ಉಳಿದ ಇಪ್ಪತ್ತೆರಡು ತಾಸು ಬದುಕುತ್ತಿದ್ದ ಅಂದರೂ ತಪ್ಪಲ್ಲ.

ಊರು ತುಕ್ಕಾನಟ್ಟಿ. ಜಾತಿಯ ಕಾರಣಕ್ಕೆ ಒಳಗೆ ಬಿಡದ ಸಾಲಿಯ ಹೊರಗಿನ ಕಟ್ಟೆಯ ಮೇಲೆ ಕೂತು ನಾಲ್ಕು ಅಕ್ಷರ ಕಲಿತವನು. ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಬೆಳಗಾವಿಗೆ ನಡೆದು ಹೋಗಿ ಪಲ್ಟನ್ನಿಗೆ ಸೇರಿದ. ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದು ಕಂಡು ಕ್ಯಾಪ್ಟನ್ ಸಾಹೇಬ ಅವನನ್ನು ಫುಟ್ಬಾಲ್ ತಂಡಕ್ಕೆ ಹಾಕಿದ. ಚೆಂಡು ಕಾಲಿಗೆ ಬಂದಾಗ ಅದನ್ನು ಕೊಡುವ ಕಾಲಿನ ಜಾತಿ ಯಾರೂ ಕೇಳುವುದಿಲ್ಲ ಎಂಬುದನ್ನು ಅವನು ಅಲ್ಲಿ ಕಂಡ. ನಲವತ್ತೇಳರಲ್ಲಿ ಪಂಜಾಬಿನಲ್ಲಿ ನಿರಾಶ್ರಿತರ ಗಾಡಿಗಳಿಗೆ ಕಾವಲಿದ್ದ. ಆ ಮಾತು ಮಾತ್ರ ಯಾರ ಮುಂದೂ ಆಡಲಿಲ್ಲ. ಐವತ್ತೇಳರಲ್ಲಿ ಪಿಂಚಣಿ ಪಡೆದು ಬಂದಾಗ ತುಕ್ಕಾನಟ್ಟಿಯಲ್ಲಿ ಎಲ್ಲವೂ ಇದ್ದ ಹಾಗೇ ಇತ್ತು. ಅದಕ್ಕೆ ಹೆಂಡತಿ ಗೌರವ್ವನನ್ನು ಕರೆದುಕೊಂಡು ಗೋಕಾಕಕ್ಕೆ ಬಂದು ಒಂದು ಖೋಲಿ ಹಿಡಿದ. ಗೌರವ್ವ ಅದರ ಗೋಡೆಗೆ ಬುದ್ಧನ ಫೋಟೊ ತೂಗುಹಾಕಿದಳು. ಮಕ್ಕಳಿರಲಿಲ್ಲ.

ಕಾಲೇಜಿಗೆ ಸೇರಿದ ಮೊದಲ ವರ್ಷ, ದಿಕ್ಕು ತಪ್ಪಿದ ಚೆಂಡೊಂದು ಗಂಟೆಯ ಕಂಬದ ಹತ್ತಿರ ಉರುಳಿ ಬಂತು. ಸತ್ತೆಪ್ಪ ಎಡಗಾಲಿನಿಂದ ಅದನ್ನು ಮೈದಾನದ ಆಚೆ ಮೂಲೆಗೆ, ಓಡುತ್ತಿದ್ದ ಹುಡುಗನ ಮುಂದೆ ಬೀಳುವ ಹಾಗೆ ಒದ್ದ. ಪ್ರಿನ್ಸಿಪಾಲರು ಕಿಟಕಿಯಿಂದ ನೋಡಿದರು. ಮರುದಿನ ಕರೆದು, "ಸತ್ತೆಪ್ಪ, ನಮ್ಮ ಹುಡುಗರು ಕರಾ ಆಕಳ ಬೆನ್ನ ಹತ್ತಿದಂಗ ಚೆಂಡಿನ ಬೆನ್ನ ಹತ್ತತಾರ. ನೀನ ಕಲಸು" ಅಂದರು. ನಾಲ್ಕನೆಯ ವರ್ಷ, ಅರವತ್ತೊಂದರಲ್ಲಿ, ತಂಡ ವಲಯ ಮಟ್ಟದ ಪಂದ್ಯಾವಳಿ ಗೆದ್ದಿತು.

ಆಮೇಲೆ ಏನಾಯಿತೋ ಅವನಿಗೆ ತಿಳಿಯಲಿಲ್ಲ.

ಅರವತ್ಮೂರರಲ್ಲಿ ಬೆಳಗಾವಿಯ ಕಾಲೇಜೊಂದು ಐದು ಸೊನ್ನೆಯಿಂದ ಸೋಲಿಸಿತು. ಮುಂದಿನ ಪಂದ್ಯದಲ್ಲಿ ಇನ್ನೊಂದು ತಂಡ ನಾಲ್ಕು ಗೋಲು ಹೊಡೆಯಿತು. ಪಲ್ಟನ್ನಿನಲ್ಲಿ ಕಲಿತ ಆಟ ಅವನಿಗೆ ಬಾಯಿಪಾಠ: ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಬೆಳಗಾವಿಯವರು ಹಿಂದೆ ನಾಲ್ವರನ್ನು ನಿಲ್ಲಿಸಿಯೂ, ಏರಿ ಬಂದಾಗ ಎಲ್ಲಿಂದಲೋ ಒಬ್ಬ ಹೆಚ್ಚಿನವನನ್ನು ತರುತ್ತಿದ್ದರು. ಸತ್ತೆಪ್ಪ ಮನೆಯ ನೆಲದ ಮೇಲೆ ಹನ್ನೊಂದು ಶೇಂಗಾ, ಹನ್ನೊಂದು ಹುಣಸೆ ಬೀಜ ಹರಡಿ ಕೂರುತ್ತಿದ್ದ. ಸರಿಸುವುದು, ಎಣಿಸುವುದು, ಮತ್ತೆ ಸರಿಸುವುದು. ಎಷ್ಟು ಎಣಿಸಿದರೂ ಹನ್ನೊಂದೇ. ಆ ಹೆಚ್ಚಿನವನು ಎಲ್ಲಿಂದ ಬಂದ? ತಿಳಿಯದ್ದಕ್ಕೆ ಅವನು ತಿಳಿದದ್ದನ್ನೇ ಇಮ್ಮಡಿ ಮಾಡಿದ. ಹುಡುಗರನ್ನು ಇನ್ನಷ್ಟು ಓಡಿಸಿದ. ಒಬ್ಬ ಹುಡುಗ ಮೈದಾನದಲ್ಲೇ ಕಣ್ಣು ಕತ್ತಲೆ ಬಂದು ಬಿದ್ದ.

ದಸರೆ ಮುಗಿದ ವಾರ ಕಾಲೇಜಿನ ಕಾರಕೂನ ಐದು ಲಕೋಟೆ ಮತ್ತು ಟಪಾಲು ವಹಿ ಅವನ ಕೈಗಿಟ್ಟ. ಆಡಳಿತ ಮಂಡಳಿಯ ಸಭೆಯ ನೋಟೀಸು. ಪ್ರಿನ್ಸಿಪಾಲರದೂ ಸೇರಿ ಮೂರು ಗೋಕಾಕದಲ್ಲೇ ಮುಟ್ಟಿದವು. ನಾಲ್ಕನೆಯದು ಮೂಡಲಗಿಯ ಬೆಲ್ಲದ ವ್ಯಾಪಾರಿ ಶೆಟ್ಟೆಪ್ಪ ಸಾವಕಾರರದು. ಮರುದಿನ ನಸುಕಿನಲ್ಲೇ ಸೈಕಲ್ ತುಳಿದು, ಕಬ್ಬಿನ ಹೊಲಗಳ ನಡುವಿನ ರಸ್ತೆ ಹಿಡಿದು ಮೂಡಲಗಿಗೆ ಹೋದ.

ಸಾವಕಾರರು ಅಂಗಡಿಯ ಮೇಲೆ ಕೂತಿದ್ದರು. ಸತ್ತೆಪ್ಪ ಕಟ್ಟೆಯ ಕೆಳಗೆ ನಿಂತ. ಅವರು ವಹಿಗೆ ಸಹಿ ಹಾಕಿ, ಲಕೋಟೆ ಒಡೆದು ಓದಿ, ಕನ್ನಡಕದ ಮೇಲಿಂದ ಅವನನ್ನು ನೋಡಿದರು.

"ಇದರಾಗ ಏನೈತಿ ಗೊತ್ತೈತೇನು ನಿನಗ?"

"ಇಲ್ರಿ ಸಾವ್ಕಾರ್ರ. ಇಂಗ್ಲಿಷ್ ಐತ್ರಿ."

"ಮೂರನೇ ವಿಷಯ ನಿಂದ ಐತಿ." ಅವರು ಬೆರಳಿಟ್ಟು ಕನ್ನಡದಲ್ಲಿ ಹೇಳಿದರು: "ಫುಟ್ಬಾಲ್ ತಂಡಕ್ಕ ಹೊಸಾ ಕೋಚ್ ನೇಮಕ ಮಾಡೂದು."

ಸತ್ತೆಪ್ಪನ ಕೈಯಲ್ಲಿ ಟಪಾಲು ವಹಿ ಇತ್ತು. ಅದನ್ನು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ.

"ನಾನ ಹೇಳೇನಿ ಅದನ್ನ ಇಡ್ರಿ ಅಂತ," ಅಂದರು ಸಾವಕಾರರು. ದನಿಯಲ್ಲಿ ಸಿಟ್ಟಿರಲಿಲ್ಲ. "ಬೆಳಗಾಂವ್ಯಾಗ ನಾ ಕುಂತ ನೋಡೀನಿ. ಐದ ಗೋಲು! ಬಾಜೂ ಕುಂತಾವ್ರು ಏನಂದ್ರು ಗೊತ್ತೇನು? ಗೋಕಾಕದಾವ್ರು ಗಂಟಿ ಹೊಡಿಯಾಂವನ ಕೈಯಾಗ ತಂಡ ಕೊಟ್ಟಾರ ಅಂತ. ನಾ ಎಲ್ಲಿ ಮಾರಿ ಇಟಗೊಳ್ಳಿ? ನೀ ಛಲೋ ಮನಶ್ಯಾ ಇದ್ದೀ, ಸತ್ತೆಪ್ಪ. ಆದ್ರ ಇದು ಕಾಲೇಜ ಐತಿ."

ಹಿಂದಿರುಗುವಾಗ ಘಟಪ್ರಭೆಯ ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿದ. ಕೊನೆಯ ಲಕೋಟೆ ಹುಕ್ಕೇರಿಯ ವಕೀಲರದು. ಅವರಿಲ್ಲದೆ ಮಂಡಳಿ ಯಾವ ನಿರ್ಣಯವನ್ನೂ ಮಾಡುವುದಿಲ್ಲ ಎಂಬುದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು. ಈ ಲಕೋಟೆ ಮುಟ್ಟದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಇನ್ನೊಂದು ಪಂದ್ಯ ಬರುತ್ತದೆ, ಒಂದು ಪಂದ್ಯ ಗೆದ್ದರೆ ಸಾಕು. ಲಕೋಟೆಯನ್ನು ಕಿಸೆಯಿಂದ ತೆಗೆದು ಸೇತುವೆಯ ಅಂಚಿನ ಕಂಬಿಯಾಚೆ ಹಿಡಿದ. ಕೆಳಗೆ ಕೆಂಪು ನೀರು ಹರಿಯುತ್ತಿತ್ತು. ಬಿಡದೆ, ಮತ್ತೆ ಕಿಸೆಗಿಟ್ಟು ಸೈಕಲ್ ಹತ್ತಿದ.

ಮನೆಗೆ ಬಂದು ಹೇಳಿದಾಗ ಗೌರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಕೊಡಬ್ಯಾಡ್ರಿ ಅದನ್ನ. ಒಲಿಯಾಗ ಹಾಕ್ರಿ. ತನ್ನ ಕೈಲೆ ತನ್ನ ಕುತ್ತಿಗಿ ಕೊಯ್ಕೋತಾರೇನು ಯಾರರ?"

"ಟಪಾಲ ಐತಿ, ಗೌರವ್ವಾ."

"ಟಪಾಲಂತ ಟಪಾಲು! ನಾಳಿಂದ ಆ ಹುಡುಗ್ರ ಮುಂದ ಬರೇ ನೀರ ಕೊಡಾಂವ ಆಗಿ ನಿಲ್ತೀರೇನು? ನಿಮ್ಮ ಕೈಲೆ ಆಗತೈತೇನು?"

ಆಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಉಣ್ಣದೆ ಎದ್ದ. ಆದರೆ ಮರುದಿನ ಮುಂಜಾನೆ ಹುಕ್ಕೇರಿಯ ಬಸ್ಸು ಹತ್ತಿದ.

ವಕೀಲರು ವಯಸ್ಸಾದವರು, ಮಿತಭಾಷಿ. ಸಹಿ ಹಾಕಿ ನೋಟೀಸು ಓದಿದವರೇ, "ಒಳಗ ಬಾ, ಕುಂಡ್ರು" ಅಂದು ಕುರ್ಚಿ ತೋರಿಸಿದರು. ಸತ್ತೆಪ್ಪ ಕೂರಲಿಲ್ಲ. ಇಡೀ ದಾರಿ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿಗೋ ಹೋದವು. ತಟ್ಟನೆ ಬಾಗಿ ಅವರ ಕಾಲು ಹಿಡಿದ. ಪಲ್ಟನ್ನು ಬಿಟ್ಟು ಬಂದ ಮೇಲೆ ಯಾರ ಕಾಲಿಗೂ ಬೀಳುವುದಿಲ್ಲ ಎಂದು ಅವನು ಗೌರವ್ವನಿಗೆ ಮಾತು ಕೊಟ್ಟಿದ್ದ.

"ನನ್ನ ಬಿಡಿಸಬ್ಯಾಡ್ರಿ, ಸಾಹೇಬ್ರ. ಅದೊಂದ ಐತ್ರಿ ನನಗ."

"ಏಳು ಮೊದಲ," ಅಂದರು ವಕೀಲರು, ಮುಜುಗರದಿಂದ. ಅವನನ್ನು ಕೂರಿಸಿ, ನೀರು ಕೊಡಿಸಿ ಕೇಳಿದರು: "ನಾ ಫುಟ್ಬಾಲ್ ತಿಳಿದಾಂವ ಅಲ್ಲ. ನಿನ್ನ ಬಿಟ್ರ ಬ್ಯಾರೆ ಯಾರನ್ನ ಕೇಳ್ಲಿ? ಬೆಳಗಾಂವ್‌ದಾವ್ರು ನಿಮ್ಮನ್ನ ಯಾಕ ಸೋಲಸಾಕತ್ತಾರ?"

ಹುಡುಗರು ಸೋಮಾರಿಗಳು ಅನ್ನಬಹುದಿತ್ತು. ರೆಫರಿ ಅನ್ಯಾಯ ಮಾಡಿದ ಅನ್ನಬಹುದಿತ್ತು. ಚೆಂಡು ಹಳೆಯದು, ಬೂಟು ಹರಿದಿವೆ, ಅದೂ ಖರೆಯೇ ಇತ್ತು.

"ನನಗ ತಿಳಿವಲ್ದ್ರಿ," ಅಂದ ಸತ್ತೆಪ್ಪ. "ಅವರ ಆಟ ಬ್ಯಾರೆ ಐತ್ರಿ. ನಾ ಭಾಳ ವಿಚಾರ ಮಾಡೀನಿ. ತಿಳಿವಲ್ದು."

"ಮತ್ತ ಹುಡುಗ್ರಿಗೆ ಏನ್ ಹೇಳ್ತೀ?"

"ಓಡ್ರಿ ಅಂತೇನ್ರಿ."

ವಕೀಲರು ಎದ್ದು ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಅದನ್ನೇ ಅವನು ಒಳ್ಳೆಯ ಸೂಚನೆ ಅಂದುಕೊಂಡ.

ಸಭೆಯ ಹಿಂದಿನ ದಿನ, ಇನ್ನೊಂದು ದಾರಿಯೂ ಇದೆ ಅನ್ನಿಸಿತು. ತಂಡದ ನಾಯಕ ಹನಮಂತ, ಕೌಜಲಗಿಯ ರೈತರ ಹುಡುಗ, ಅವನ ಕೈಯಲ್ಲೇ ತಯಾರಾದವನು. ಆಟ ಮುಗಿದ ಮೇಲೆ ಅವನನ್ನು ಬದಿಗೆ ಕರೆದು ಹೇಳಿದ: "ನೀವೆಲ್ಲಾ ಕೂಡಿ ಪ್ರಿನ್ಸಿಪಾಲರಿಗೆ ಒಂದ ಮಾತ ಹೇಳಿದ್ರ ನಡೀತೈತಿ. ಈ ವರ್ಷ ಒಂದ ನಮ್ಮ ಸರ್ ಇರಲಿ ಅಂತ ಹೇಳ್ರಿ."

ಹನಮಂತ ಬೂಟಿನ ಲಾಡಿ ಬಿಚ್ಚುತ್ತ ಕೂತವನು ತಲೆ ಎತ್ತಲಿಲ್ಲ. "ಸರ್, ನೀವ ನನಗ ತಂದಿ ಇದ್ದಂಗ," ಅಂದ. "ಆದ್ರ ನಮಗೂ ಗೆಲ್ಲಬೇಕಂತ ಐತ್ರಿ."

ಸತ್ತೆಪ್ಪ ಅವನ ಹೆಗಲ ಮೇಲಿದ್ದ ಕೈ ತೆಗೆದ. "ಹೌದಪಾ," ಅಂದ. ಚೆಂಡುಗಳನ್ನು ಆರಿಸಿ ಚೀಲಕ್ಕೆ ತುಂಬತೊಡಗಿದ.

ಗುರುವಾರ ಮೂರು ಗಂಟೆಗೆ ಸಭೆ ಕೂಡಿತು. ನೀರಿನ ತಂಬಿಗೆ, ಚಹದ ಕಪ್ಪು ಒಯ್ದು ಇಟ್ಟವನು ಸತ್ತೆಪ್ಪನೇ. ಒಳಗೆ ಹೋದಾಗಲೆಲ್ಲ ಮಾತು ನಿಲ್ಲುತ್ತಿತ್ತು, ಹೊರಗೆ ಬಂದ ಮೇಲೆ ಶುರುವಾಗುತ್ತಿತ್ತು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರೆ ಎಲ್ಲವೂ ಕೇಳುತ್ತಿತ್ತು. ಶೆಟ್ಟೆಪ್ಪ ಸಾವಕಾರರು ಹೊಸಬನನ್ನು ತರಬೇಕು ಅಂದರು. ಪ್ರಿನ್ಸಿಪಾಲರು ಬಿಡಲಿಲ್ಲ, ವಲಯ ಗೆದ್ದುಕೊಟ್ಟವನು, ಹುಡುಗರಿಗೆ ಶಿಸ್ತು ಕಲಿಸಿದವನು, ಇನ್ನೊಂದು ವರ್ಷ ನೋಡೋಣ ಅಂದರು. ಗೋಕಾಕದ ಇಬ್ಬರು ಸದಸ್ಯರು ಒಬ್ಬೊಬ್ಬರು ಒಂದೊಂದು ಕಡೆ ನಿಂತರು. ಇಬ್ಬರಿಗಿಬ್ಬರು. ಉಳಿದವರು ವಕೀಲರು.

ಸತ್ತೆಪ್ಪ ಎದ್ದು ನಿಂತ.

"ಆ ಮನಶ್ಯಾ ನನ್ನ ಮನಿಗೆ ಬಂದಿದ್ದ," ಅಂದರು ವಕೀಲರು. "ಯಾಕ ಸೋಲಾಕತ್ತೀರಿ ಅಂತ ಕೇಳಿದ್ನಿ. ತನಗ ತಿಳಿವಲ್ದು ಅಂದ. ಸುಳ್ಳ ಹೇಳಬಹುದಿತ್ತು, ಹೇಳಲಿಲ್ಲ. ಅವನ ಮ್ಯಾಲೆ ನನಗ ಗೌರವ ಐತಿ. ಆದ್ರ ತಿಳಿವಲ್ದು ಅನ್ನಾಂವನ ಕೈಯಾಗ ಹುಡುಗ್ರನ್ನ ಹೆಂಗ ಬಿಡೂದು? ಹೊಸಬನ್ನ ತಗೋರಿ."

ಸಭೆ ಮುಗಿದು ಎಲ್ಲರೂ ಹೋದರು. ವಕೀಲರು ಮಾತ್ರ ಅವನ ಮುಂದೆ ನಿಂತರು. "ನೀ ಖರೆ ಹೇಳಿದಿ, ಸತ್ತೆಪ್ಪ. ಅದನ್ನ ಕೇಳಿದ ಮ್ಯಾಲೆ ನನಗ ಸುಳ್ಳ ಹೇಳಾಕ ಆಗಲಿಲ್ಲ." ಅವನು ಅಟೆನ್ಶನ್ನಿನಲ್ಲಿ ನಿಂತಿದ್ದ. "ಹೌದ್ರಿ," ಅಂದ. ಕಪ್ಪುಗಳನ್ನು ತೊಳೆಯಲು ನಳದ ಹತ್ತಿರ ಹೋದವನು, ನೀರು ಬಿಟ್ಟುಕೊಂಡು, ಯಾರಿಗೂ ಕೇಳದ ಹಾಗೆ ಅತ್ತ.

ಹದಿನೈದು ದಿನದಲ್ಲಿ ಹೊಸ ಕೋಚ್ ಬಂದ. ಅಲ್ಲಪ್ಪ ಅಂತ, ಇಪ್ಪತ್ತಾರರ ತರುಣ, ಆಟ ಕಲಿಸುವುದರಲ್ಲೇ ಡಿಪ್ಲೊಮಾ ಮಾಡಿದವನು. ಕೆಟ್ಟವನಲ್ಲ. "ಹವಾಲ್ದಾರ್ರ, ನೀವೂ ಸಂಜಿಕೆ ಬರ್ರಿ, ಹುಡುಗ್ರ ಸ್ವಭಾವ ನಿಮಗ ಗೊತ್ತು" ಅಂದ. ಸತ್ತೆಪ್ಪ ಕೊರಳಿನ ಸೀಟಿ ತೆಗೆದು ಅವನ ಕೈಗಿಟ್ಟು, "ಬರ್ತೇನ್ರಿ" ಅಂದ. ಹೋಗಲಿಲ್ಲ. ಬೆಳಿಗ್ಗೆ ಯಾರೂ ಇಲ್ಲದಾಗ ಸುಣ್ಣದ ಗೆರೆ ಹಾಕಿ ಬಂದುಬಿಡುತ್ತಿದ್ದ. ಸಂಜೆ ಐದಾದರೆ ಮನೆಯ ಬಾಗಿಲು ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಕೆಲಸ ಬಿಡುತ್ತೇನೆ ಅನ್ನುತ್ತಿದ್ದ. ಬಿಟ್ಟು ತುಕ್ಕಾನಟ್ಟಿಗೆ ಹೋಗುವುದೆಂದರೆ ಅವನ ಎದೆಯೇ ಒಡೆಯುತ್ತಿತ್ತು. ಇಲ್ಲಿರಲಾರ, ಅಲ್ಲಿಗೆ ಹೋಗಲಾರ. ಮಲಗಿದವನು ಬದುಕಿದ್ದಾನೋ ಎಂದು ಗೌರವ್ವ ದಿನಕ್ಕೆರಡು ಸಲ ಅವನ ಉಸಿರು ನೋಡುತ್ತಿದ್ದಳು.

ಡಿಸೆಂಬರದಲ್ಲಿ ಹುಕ್ಕೇರಿಯಲ್ಲಿ ಬೆಳಗಾವಿಯ ಅದೇ ತಂಡದೊಡನೆ ಪಂದ್ಯ ಬಂತು. ಹುಡುಗರು ಟ್ರಕ್ಕಿನಲ್ಲಿ ಹೋದರು. ಗಂಟೆ ಬಾರಿಸಲು ಒಬ್ಬರು ಬೇಕಲ್ಲ, ಸತ್ತೆಪ್ಪ ಉಳಿದ. ಅವತ್ತು ಅವನ ಮನಸ್ಸು ಅವನ ಮಾತು ಕೇಳಲಿಲ್ಲ. ಸೋಲಲಿ, ಅಂತಿತ್ತು ಅದು. ಐದಲ್ಲ, ಆರರಿಂದ ಸೋಲಲಿ. ಎಂಟು ಆಗಲಿ. ಆಗ ಬಂದು ಕರೀತಾರೆ. ನಾಲ್ಕು ಗಂಟೆಗೆ ಬಾರಿಸಬೇಕಾದ ಗಂಟೆಯನ್ನು ಅವನು ಮರೆತೇಬಿಟ್ಟ. ಉಳಿದ ಹುಡುಗರು ವರ್ಗದಿಂದ ತಾವೇ ಹೊರಬಂದರು.

ಹೊತ್ತು ಮುಳುಗುವಾಗ ಟ್ರಕ್ಕು ಬಂತು. ಹಿಂದೆ ನಿಂತ ಹುಡುಗರು ನಗುತ್ತಿದ್ದರು, ಹಾಡುತ್ತಿದ್ದರು. ಗೆದ್ದೇ ಬಂದಿರಬೇಕು ಅಂದುಕೊಂಡ ಸತ್ತೆಪ್ಪ. ಹನಮಂತ ಇಳಿದು ಓಡಿ ಬಂದ.

"ಏನಾತಪಾ?"

"ಎರಡ-ಒಂದು, ಸರ್. ಸೋತ್ವಿ. ಆದ್ರ ಕಡೀ ತನಕಾ ಬಿಡಲಿಲ್ರಿ! ಅವರು ಹಿಂದಿಂದ ಏರಿ ಬರಾಂವನ್ನ ಹಿಡಿಯೂದು ಹೆಂಗಂತ ಹೊಸ ಸರ್ ತೋರಿಸಿದ್ರು."

ಸೋತ್ವಿ ಅಂದಾಕ್ಷಣ ಸತ್ತೆಪ್ಪನಿಗೆ ಖುಷಿಯಾಯಿತು. ಖುಷಿಯಾದದ್ದು ತಿಳಿದಾಕ್ಷಣ ನಾಚಿಕೆಯಾಯಿತು. ಎದುರಿಗೆ ಬೆವರು, ಮಣ್ಣು ಮೆತ್ತಿಕೊಂಡು, ಕಣ್ಣು ಬೆಳಗುತ್ತ ನಿಂತವನು ತಾನೇ ಬೆಳೆಸಿದ ಹುಡುಗ. ಐದು ಸೊನ್ನೆಯ ದಿನ ಇದೇ ಹುಡುಗ ತಲೆಯ ಮೇಲೆ ಟವೆಲ್ ಹಾಕಿಕೊಂಡು ಯಾರೊಡನೆಯೂ ಮಾತಾಡದೆ ಬಂದಿದ್ದ.

"ಛಲೋ ಆಡೀರಿ," ಅಂದ. ಅದು ಹೇಳಬೇಕಾದ್ದಕ್ಕೆ ಹೇಳಿದ್ದು. ಹನಮಂತನಿಗೆ ಅದೇ ಸಾಕಾಯಿತು, ನಗುತ್ತ ಓಡಿದ.

ಮನೆಗೆ ಬಂದು ಗೌರವ್ವನ ಮುಂದೆ ಕೂತು ಹೇಳಿದ: "ಅವರು ಸೋಲಲಿ ಅಂತ ಬೇಡಕೊಂಡ್ನಿ, ಗೌರವ್ವಾ. ನನ್ನ ಹುಡುಗ್ರು. ಎಂಟ ಗೋಲು ಆಗಲಿ ಅಂದ್ನಿ."

ಗೌರವ್ವ ಸಮಾಧಾನ ಹೇಳಲಿಲ್ಲ. "ಮತ್ತ?" ಅಂದಳು.

"ಮಂಡಳಿ ಮಾಡಿದ್ದ ಬರೋಬರಿ ಐತಿ. ನಾ ಇದ್ದಿದ್ರ ಎಂಟ ಆಗತಿದ್ವು."

ಅಷ್ಟು ಹೇಳಿ ಅವನು ಹಗುರಾದನೆಂದು ಯಾರೂ ತಿಳಿಯಬಾರದು. ಖರೆ ಗೊತ್ತಾದದ್ದಕ್ಕೆ ಅವನ ಸಂಜೆಗಳೇನೂ ತುಂಬಲಿಲ್ಲ. ಹನಮಂತನ ತಂಡ ಕಾಲೇಜು ಮುಗಿಸಿ ಹೋಯಿತು. ಆಮೇಲೆ ಬಂದ ಹುಡುಗರಿಗೆ ಅವನು ಗಂಟೆ ಬಾರಿಸುವ ಹವಾಲ್ದಾರನಷ್ಟೆ. ಆದರೆ ಕೆಲಸ ಬಿಡುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಪಂದ್ಯವಿದ್ದ ದಿನ ಮೈದಾನದ ತುದಿಗೆ, ಬೇವಿನ ಗಿಡದ ಕೆಳಗೆ ಬಂದು ನಿಲ್ಲತೊಡಗಿದ. ತಮ್ಮವರು ಗೋಲು ಹೊಡೆದಾಗ ಎಲ್ಲರೂ ಕೂಗುತ್ತಿದ್ದರು. ಅವನು ಕೂಗುತ್ತಿರಲಿಲ್ಲ, ಚಪ್ಪಾಳೆ ಹೊಡೆಯುತ್ತಿದ್ದ. ಮೊದಮೊದಲು ಆ ಚಪ್ಪಾಳೆಗೆ ಕೈಗಳನ್ನು ಒತ್ತಾಯದಿಂದ ಎತ್ತಬೇಕಾಗುತ್ತಿತ್ತು ಎಂದು ಅವನೇ ಗೌರವ್ವನ ಮುಂದೆ ಹೇಳಿದ್ದ.