ತೊಗರ್ಸಿಯ ರೊಟ್ಟಿ ಡಬ್ಬಗಳು

ತೊಗರ್ಸಿಯ ಜಗದಾಂಬ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಹೆಂಗಸು. ಸೈನಿಕರ ವಿಷಯ ಬಂದರೆ ಮಾತ್ರ ಮೆತ್ತಗಾಗುತ್ತಿದ್ದಳು. ಅವಳ ಅಣ್ಣ ಸಿದ್ಧಲಿಂಗೇಶ್ ಕಾರ್ಗಿಲ್ ಕಾಲದಲ್ಲಿ ಗಡಿಯಲ್ಲಿದ್ದವನು. ಯಾವುದೋ ಊರಿನ ಹೆಂಗಸರು ಕಳಿಸಿದ ಉಂಡೆಯನ್ನು ಹಿಮದಲ್ಲಿ ಕೂತು ಗೆಳೆಯರೆಲ್ಲ ಮುರಿದು ತಿಂದದ್ದನ್ನು ಅವನು ಮತ್ತೆ ಮತ್ತೆ ಹೇಳುತ್ತಿದ್ದ.

೨೦೨೫ರ ಮೇ ತಿಂಗಳಲ್ಲಿ ಗಡಿ ಹೊತ್ತಿಕೊಂಡಾಗ, ಜವಾನರಿಗೆ ತಿನಿಸು ಕಳಿಸುತ್ತೇವೆಂದು ಶಿಕಾರಿಪುರದ ಒಂದು ಸಮಿತಿಯವರು ಬಂದರು. ಜಗದಾಂಬ ಕೇರಿಯ ಹೆಂಗಸರನ್ನೆಲ್ಲ ಕೂಡಿಸಿದಳು. ಉರಿಬಿಸಿಲಲ್ಲಿ ಒಲೆ ಮುಂದೆ ಕೂತು ಕಡಕ್ ರೊಟ್ಟಿ ಬಡಿದರು, ಗುರೆಳ್ಳು ಚಟ್ನಿಪುಡಿ ಕುಟ್ಟಿದರು, ಶೇಂಗಾ ಉಂಡೆ ಕಟ್ಟಿದರು. ಪಕ್ಕದ ಮನೆಯ ರಾಜೇಶ್ವರಮ್ಮ ನಡುನೋವಿದ್ದರೂ ಹಲ್ಲು ಕಚ್ಚಿಕೊಂಡು ಕೊನೆಯ ರೊಟ್ಟಿಯವರೆಗೂ ಏಳಲಿಲ್ಲ. ಜಗದಾಂಬ ರಟ್ಟಿನ ಡಬ್ಬಗಳ ಮೇಲೆ ಕೈಯಾರೆ ಊರ ಹೆಸರು ಬರೆದಳು. ಸಮಿತಿಯ ಗುರುಪ್ರಕಾಶ್ ಫೋಟೊ ತೆಗೆಸಿಕೊಂಡು ಡಬ್ಬಗಳನ್ನು ಒಯ್ದ.

ಮುಂಗಾರು ಹಿಡಿದ ಮೇಲೆ ಅವಳು ನೆಂಟರ ಮದುವೆಗೆ ಶಿಕಾರಿಪುರದಲ್ಲಿ ಆ ಸಮಿತಿಯವರೇ ನಡೆಸುವ ಕಲ್ಯಾಣ ಮಂಟಪಕ್ಕೆ ಹೋದಳು. ಸೌಟು ಹುಡುಕುತ್ತ ಪಾತ್ರೆ ಕೋಣೆ ಹೊಕ್ಕರೆ ಮೂಲೆಯಲ್ಲಿ ಅವೇ ಡಬ್ಬಗಳು. ರೊಟ್ಟಿಗೆ ಬೂಷ್ಟು ಬಂದಿತ್ತು. ಉಂಡೆ ಇರುವೆಗಳ ಪಾಲಾಗಿತ್ತು.

ಗುರುಪ್ರಕಾಶ್ ಊಟದ ಪಂಕ್ತಿಯಲ್ಲಿದ್ದ. ಅವಳು ಒಂದು ಡಬ್ಬ ತಂದು ಅವನ ಎಲೆಯ ಪಕ್ಕದಲ್ಲೇ ಕುಕ್ಕಿದಳು.

"ಇದೇನ್ರೀ?"

ಅವನು ದನಿ ತಗ್ಗಿಸಿದ. "ಯುದ್ಧ ನಾಕೇ ದಿನಕ್ಕೆ ನಿಂತೋತಲ್ಲಕ್ಕ. ಆಮೇಲೆ ಯಾರೂ ಕೇಳ್ಲಿಲ್ಲ."

"ಯುದ್ಧ ನಿಂತ್ರೆ ಜವಾನ್ರು ಊಟ ಬಿಟ್ರೇನು? ಕಳ್ಸಾಕಾಗಲ್ಲ ಅಂತ ಹೇಳಾಕೆ ನಿಮಗೆ ಬಾಯಿರ್ಲಿಲ್ಲೇನ್ರೀ? ಫೋಟೊದಾಗೆ ಹಲ್ಲು ಕಿಸಿಯಾಕೆ ಇತ್ತಲ್ಲ."

"ಇಲ್ಲಿ ಬ್ಯಾಡಕ್ಕ, ಮಂದಿ ನೋಡ್ತಾರೆ."

"ನೋಡ್ಲಿ ಅಂತಾನೇ ತಂದೀನಿ."

ಅವನು ಅರ್ಧ ಊಟಕ್ಕೇ ಎದ್ದು ಹೋದ.

ಅವಳು ಏನನ್ನೂ ಮುಚ್ಚಿಡಲಿಲ್ಲ. ಡಬ್ಬಗಳನ್ನು ಟೆಂಪೊದಲ್ಲಿ ತಂದು ಕೇರಿಯ ನಡುವೆ ಇಳಿಸಿದಳು. ರಾಜೇಶ್ವರಮ್ಮ ಒಂದನ್ನು ತೆರೆದು ನೋಡಿ ಗೋಡೆಗೆ ಒರಗಿದಳು.

"ಇನ್ನು ನನ್ನ ಕರೀಬ್ಯಾಡ ಜಗದಾಂಬ."

ಆ ಮಾತು ಜಗದಾಂಬಳಿಗೆ ನಾಟಿತು. ನಂಬಿಸಿ ಕರೆದವಳು ತಾನೇ ಅಲ್ಲವೆ?

ಮರುದಿನ ಒಬ್ಬಳೇ ಒಲೆ ಹಚ್ಚಿದಳು. ಹೊಸಬಾಳೆಯ ದುರ್ಗಮ್ಮನ ಮಗ ನಾಗರಾಜ ರಾಜಸ್ಥಾನದ ಗಡಿಯಲ್ಲಿದ್ದ. ಅವನ ವಿಳಾಸ ಕೇಳಿ ತರಿಸಿಕೊಂಡು ತಾನೇ ಅಂಚೆ ಕಚೇರಿಗೆ ಹೋಗಿ ಪಾರ್ಸಲ್ ಮಾಡಿದಳು. ಕೆಲವು ದಿನಗಳ ಮೇಲೆ ಅವನ ಫೋನ್ ಬಂತು. "ರೊಟ್ಟಿ ಪುಡಿಪುಡಿ ಆಗಿತ್ತಮ್ಮ. ಮೊಸರಿಗೆ ಕಲಸ್ಕೊಂಡು ಎಲ್ಲರೂ ತಿಂದ್ವಿ."

ಪಾರ್ಸಲಿನ ಸುದ್ದಿ ಹಬ್ಬಿದ ಮೇಲೆ ಸಮಿತಿಯವರು ಅವಳಿಗೆ ಶಾಲು ಹೊದಿಸುತ್ತೇವೆಂದು ಕರೆದರು. ಅವಳು ಹೋಗಲಿಲ್ಲ. ಪಾರ್ಸಲ್ ಈಗಲೂ ಹೋಗುತ್ತದೆ. ರಾಜೇಶ್ವರಮ್ಮ ಮಾತ್ರ ಇವತ್ತಿಗೂ ಆ ಒಲೆ ಹತ್ತಿರ ಬಂದಿಲ್ಲ. ಜಗದಾಂಬಳ ಸಿಟ್ಟೂ ಇಳಿದಿಲ್ಲ.