ಅತ್ತೆ ಹೋಗು ಅಂದದ್ದು

ಮದುವೆಯಾಗಿ ಬಂದ ವಾರದಲ್ಲೇ ಇಸ್ತ್ರಿಯಕ್ಕನಿಗೆ ಗೊತ್ತಾಗಿಹೋಯಿತು, ಈ ಮನೆಯಲ್ಲಿ ಆಡಿದ ಮಾತಿಗೂ ಅಂಕ ಹಾಕುತ್ತಾರೆ ಎಂದು. ಅತ್ತೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಬೀದಿಯವರೆಲ್ಲ ಟೀಚರಮ್ಮ ಎನ್ನುತ್ತಿದ್ದರು. ಸೊಸೆ ಓದಿದ್ದು ಏಳನೆಯ ಕ್ಲಾಸಿನವರೆಗೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ವಾರ್ಡುಗಳಿಂದ ಇಳಿದು ಬರುವ ಹಾಸು ಹೊದಿಕೆಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ, ಇಸ್ತ್ರಿಯಕ್ಕ ಎಂಬ ಹೆಸರು ಬಂದದ್ದು ಅದರಿಂದಲೇ. ಕುದಿನೀರಿನಲ್ಲಿ ಒಗೆದರೂ ಹೋಗದ ಕಲೆಗಳಿರುತ್ತವೆ. ಅಂಥ ಮಗ್ಗುಲನ್ನು ಒಳಗೆ ಮಾಡಿ ಮಡಚುವುದು ಅವಳಿಗೆ ಕರಗತವಾಗಿತ್ತು. ಬಿಸಿ ಆವಿಗೆ ಮುಂಗೈ ಬೆಂದು ಬೆಂದು ಚರ್ಮ ದಪ್ಪಗಾಗಿತ್ತು. ಮಗ ಇವಳನ್ನು ಮೆಚ್ಚಿ ಕರೆತಂದಿದ್ದ, ಟೀಚರಮ್ಮ ತಡೆಯಲಿಲ್ಲ. ಆದರೆ ಕೆಂಪು ಪೆನ್ನು ಕೆಳಗಿಡಲೂ ಇಲ್ಲ.

ಸಂಜೆ ನಡುಮನೆಯಲ್ಲಿ ಟ್ಯೂಷನ್ ನಡೆಯುತ್ತಿತ್ತು. ಅಡುಗೆಮನೆಯಲ್ಲಿ ನಿಂತೇ ಸೊಸೆಯ ಕಿವಿಗೆ ಒಂದಿಷ್ಟು ಇಂಗ್ಲಿಷ್ ಬಿದ್ದಿತು. ಟೀಚರಮ್ಮ ಕಮ್ ಎಂದರೆ ಮಕ್ಕಳು ಗೋ ಎನ್ನಬೇಕು, ಓಪನ್ ಎಂದರೆ ಷಟ್, ಲೀವ್ ಎಂದರೆ ಸ್ಟೇ. ಒಮ್ಮೆ ಟೀಚರಮ್ಮ ಎಸ್ಕೇಪ್ ಎಂಬ ಪದಕ್ಕೆ ವಿರುದ್ಧ ಪದ ಕೇಳಿದಾಗ ಮಕ್ಕಳೆಲ್ಲ ಮುಖ ಮುಖ ನೋಡಿಕೊಂಡರು. ಸೊಸೆ ತಡೆಯಲಾರದೆ ಒಳಗಿನಿಂದಲೇ ಸ್ಟೇ ಎಂದುಬಿಟ್ಟಳು.

ಟೀಚರಮ್ಮ ಕತ್ತು ತಿರುಗಿಸಲಿಲ್ಲ. "ಸಿಕ್ಕಿಹಾಕ್ಕೊಂಡು ಬಿದ್ದಿರೋದು ಸ್ಟೇ ಅಲ್ಲ," ಎಂದರು ಮಕ್ಕಳಿಗೆ. "ಬಾಗಿಲು ತೆರೆದಿದ್ರೂ ಹೋಗದೆ ಇರ್ತಾರಲ್ಲ, ಅದು ಸ್ಟೇ. ಇದೆಲ್ಲ ಒಲೆ ಮುಂದೆ ನಿಂತೋರಿಗೆ ತಿಳಿಯಲ್ಲ."

ಮಕ್ಕಳು ನಕ್ಕರು. ಅವಳು ಒಲೆ ಸಣ್ಣ ಮಾಡಿದಳು.

ಬಾಗಿಲು ತೆರೆದುಕೊಂಡು ಹೋದವನು ಗಂಡ. ಔಷಧದ ಪೆಟ್ಟಿಗೆ ಸಾಗಿಸುವ ವ್ಯಾನು ಓಡಿಸುತ್ತಿದ್ದವನು ಒಂದು ಮಧ್ಯಾಹ್ನ ಬಟ್ಟೆ ತುಂಬಿದ ಚೀಲ ಹೆಗಲಿಗೇರಿಸಿ ಹೊರಟ, ದೂರದ ಡ್ಯೂಟಿ ಎಂದ. ದೂರ ಎಷ್ಟೆಂದು ಆಮೇಲೆ ತಿಳಿಯಿತು. ಅಲ್ಲೊಬ್ಬಳು ಹೆಂಗಸು, ಅವಳ ಮಡಿಲಲ್ಲಿ ಆಗಲೇ ಒಂದು ಕೂಸು. ಫೋನಿನಲ್ಲಿ ತಾಯಿಯ ಹತ್ತಿರ ಎಲ್ಲ ಒಪ್ಪಿಕೊಂಡ. ಹೆಂಡತಿಗೆ ಫೋನು ಕೊಡಬೇಡ ಎಂದನಂತೆ. ಟೀಚರಮ್ಮ ಆ ದಿನ ಟ್ಯೂಷನ್ ನಿಲ್ಲಿಸಲಿಲ್ಲ. ಮಕ್ಕಳು ಹೋದ ಮೇಲೆ ಸೊಸೆಯನ್ನು ಕರೆದು, ಬಟ್ಟೆಯ ಸುಕ್ಕು ಬಿಡಿಸುವವಳಿಗೆ ಗಂಡನ ಮನಸ್ಸಿನ ಸುಕ್ಕು ಕಾಣಲಿಲ್ಲವೇ ಎಂದು ಕೇಳಿದರು. ತವರಿಗೆ ಹೋಗೋಣವೆಂದರೆ ಅಪ್ಪ ಅಮ್ಮ ಇಬ್ಬರೂ ಕಣ್ಣು ಮುಚ್ಚಿದ್ದರು. ಅಕ್ಕನೊಬ್ಬಳು ಬೇರೆ ಊರಿನಲ್ಲಿದ್ದಳು. ಅತ್ತೆ ಸೊಸೆ ಒಂದೇ ಸೂರಿನಡಿ, ಎಣ್ಣೆ ಸೀಗೆಕಾಯಿಯ ಹಾಗೆ ದಿನ ದೂಡಿದರು.

ಆಮೇಲೆ ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಚೊಂಬು ಉರುಳಿದ ಸದ್ದಾಯಿತು. ಸೊಸೆ ಓಡಿಹೋಗಿ ನೋಡಿದರೆ ಟೀಚರಮ್ಮ ಗೋಡೆಗೊರಗಿ ಕುಸಿದಿದ್ದರು, ಬಾಯಿ ಒಂದು ಕಡೆಗೆ ಜಾರಿತ್ತು. ಲಕ್ವ. ಬಲಗೈ ಬಲಗಾಲು ಬಿದ್ದುಹೋದವು. ಜೀವ ಉಳಿಯಿತು, ಮಾತು ಕೆಟ್ಟಿತು.

ಕೆಟ್ಟದ್ದು ಎಂದರೆ ವಿಚಿತ್ರವಾಗಿ ಕೆಟ್ಟಿತು. ಬಿಸಿ ಬೇಕಾದಾಗ ತಣ್ಣಗೆ ಎನ್ನುವರು. ಕಿಟಕಿ ತೆಗೆಯಬೇಕೆಂದು ಮುಚ್ಚು ಮುಚ್ಚು ಎಂದು ಅರಚುವರು, ಮುಚ್ಚಿದರೆ ಎಡಗೈಯಿಂದ ಹಾಸಿಗೆ ಗುದ್ದುವರು. ಜೀವಮಾನವೆಲ್ಲ ವಿರುದ್ಧ ಪದ ಬಾಯಿಪಾಠ ಮಾಡಿಸಿದವರ ನಾಲಿಗೆ ಈಗ ವಿರುದ್ಧ ಪದವನ್ನೇ ಹಿಡಿದು ಕೂತಿತ್ತು. ಮಾತಿನ ತರಬೇತಿ ಕೊಡಲು ಮನೆಗೆ ಬರುತ್ತಿದ್ದ ಹುಡುಗಿ, ಇಂಥ ಕಾಯಿಲೆಯಲ್ಲಿ ಹೀಗಾಗುವುದುಂಟು, ಒಂದು ಪದ ಹುಡುಕಿದರೆ ಪಕ್ಕದ್ದು ಕೈಗೆ ಬರುತ್ತದೆ, ನಿಧಾನಕ್ಕೆ ಸರಿಹೋಗಬಹುದು ಎಂದಳು. ಸೊಸೆ ಕಾಯಲಿಲ್ಲ, ಅತ್ತೆಯ ಮಾತನ್ನೆಲ್ಲ ಮಗುಚಿ ಕೇಳುವುದನ್ನು ರೂಢಿಸಿಕೊಂಡಳು. ಸಾಕು ಎಂದರೆ ಇನ್ನೊಂದು ಸೌಟು ಗಂಜಿ ಬಡಿಸಿದಳು, ಏಳಿಸು ಎಂದರೆ ಮಲಗಿಸಿದಳು. ನಿಮ್ಮತ್ತೆ ಬೈದರೆ ಈಗ ಆಶೀರ್ವಾದ ಅಂತಲೇ ಲೆಕ್ಕ ಎಂದು ಜೊತೆಗೆ ಇಸ್ತ್ರಿ ಹಾಕುವ ಹೆಂಗಸರು ತಮಾಷೆ ಮಾಡಿದರು. ಅವಳೂ ನಕ್ಕಳು.

ಮಳೆಗಾಲ ಕಳೆಯುವ ಹೊತ್ತಿಗೆ ಅಕ್ಕ ಬಂದಳು. ತನ್ನ ಊರಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲಿದೆ, ಅಲ್ಲಿನ ಉಗ್ರಾಣ ನೋಡಿಕೊಳ್ಳಲು ಒಬ್ಬರು ಬೇಕು, ಇರಲು ಕೋಣೆ ಕೊಡುತ್ತಾರೆ ಎಂದಳು. ಟೀಚರಮ್ಮನಿಗೆ ಒಂದು ಆಶ್ರಮದಲ್ಲಿ ಹಾಸಿಗೆಯನ್ನೂ ವಿಚಾರಿಸಿಕೊಂಡು ಬಂದಿದ್ದಳು. ಮಗನಿಗೆ ಫೋನು ಮಾಡಿದರೆ, ಎಲ್ಲಿ ಸೇರಿಸಿದರೂ ತನ್ನದೇನೂ ತಕರಾರಿಲ್ಲ ಎಂದನಂತೆ.

ಇಸ್ತ್ರಿಯಕ್ಕ ಮಂಚದ ಅಂಚಿನಲ್ಲಿ ಕೂತಳು. ಹೇಳದೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ.

"ಅತ್ತೆ, ಅಕ್ಕ ಕರೀತಿದ್ದಾಳೆ. ಹೋಗ್ಲಾ?"

ಟೀಚರಮ್ಮ ಎಡಗೈಯಲ್ಲಿ ಅವಳ ತೋಳು ಹಿಡಿದರು. ಹಿಡಿತ ಬಿಗಿಯಾಗಿತ್ತು. ಕಣ್ಣಿನಲ್ಲಿ ನೀರು ತುಂಬಿಕೊಂಡಿತು.

"ಹೋಗು," ಎಂದರು. ಉಸಿರೆಳೆದುಕೊಂಡು ಮತ್ತೆ, "ಹೋಗು. ಹೋಗು."

ಸೊಸೆಯ ಎದೆ ಕರಗಿತು. ಈ ಮನೆಯಲ್ಲಿ ಅವಳನ್ನು ಯಾರೂ ಇರು ಎಂದು ಕೇಳಿಕೊಂಡಿರಲಿಲ್ಲ. ಕಟ್ಟಿದ ಗಂಟು ಬಿಚ್ಚಿ ಸೀರೆಗಳನ್ನು ಬೀರುವಿಗೆ ಸೇರಿಸಿದಳು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅವರು ಹೋಗು ಅಂದ್ರು ಕಣೇ, ನನ್ನ ಕಿವಿಯಾರೆ ಕೇಳಿದೀನಿ."

"ಅವರು ಹಾಗಂದ್ರೆ ಇರು ಅಂತ ಅರ್ಥ. ನಿಂಗೊತ್ತಿಲ್ಲ."

"ನಿಂಗೆ ಬೇಕಾದ್ದೇ ನಿಂಗೆ ಕೇಳ್ಸತ್ತೆ," ಎಂದು ಅಕ್ಕ ಒಬ್ಬಳೇ ಬಸ್ಸು ಹತ್ತಿದಳು. ಆ ಕೆಲಸಕ್ಕೆ ಬೇರೆಯವರು ಸೇರಿದರು.

ಚಳಿಗಾಲಕ್ಕೆ ಟೀಚರಮ್ಮನ ಮಾತು ಒಂದೊಂದಾಗಿ ನೆಟ್ಟಗಾಗತೊಡಗಿತು. ಇಂಗ್ಲಿಷ್ ಮೊದಲು ಬಂತು, ಹಿಂದಿನಿಂದ ಮನೆಮಾತು ಬಂತು. ತರಬೇತಿಯ ಹುಡುಗಿ ಅವರಿಗೆ ಸಲೀಸಾಗಲೆಂದು ವಿರುದ್ಧ ಪದಗಳನ್ನೇ ಪಾಠ ಮಾಡಿಕೊಂಡಳು. ಒಂದು ಭಾನುವಾರ ಇಸ್ತ್ರಿಯಕ್ಕ ಪಕ್ಕದಲ್ಲಿ ಕೂತು ಅತ್ತೆಯ ಬೆರಳುಗಳನ್ನು ನೀವುತ್ತಿದ್ದಳು. ಎಂಟರ್ ಎಂದರೆ ಎಕ್ಸಿಟ್ ಎಂದರು. ಲೀವ್ ಎಂದರೆ ತಡವರಿಸದೆ ಸ್ಟೇ ಎಂದರು. ಹುಡುಗಿ ಖುಷಿಯಿಂದ ಎಸ್ಕೇಪ್ ಎಂದಳು.

ಟೀಚರಮ್ಮ ಎಡಗೈ ಎತ್ತಿ ಸೊಸೆಯ ಕಡೆ ತೋರಿಸಿದರು.

"ಇವಳು," ಎಂದರು.

ಹುಡುಗಿಗೆ ಅರ್ಥವಾಗಲಿಲ್ಲ. ಸರಿ ಪದ ನೆನಪಿಸಿಕೊಳ್ಳಿ ಎಂದು ಕೈ ತಟ್ಟಿದಳು.

"ಹೋಗು ಅಂದೆ. ಅವತ್ತು. ಅವಳಕ್ಕ ಬಂದಾಗ." ಒಂದೊಂದು ಪದವನ್ನೂ ಕಲ್ಲು ಕಿತ್ತ ಹಾಗೆ ಕಿತ್ತು ಇಟ್ಟರು. "ಹೋಗು ಅಂದ್ರೆ ಹೋಗು. ಕೇಳಲಿಲ್ಲ."

ಇಸ್ತ್ರಿಯಕ್ಕನ ಕೈ ನಿಂತಿತು. ಹುಡುಗಿಯನ್ನು ಕಳಿಸಿ ಬಾಗಿಲು ಹಾಕಿಕೊಂಡು ಬಂದಳು. ಆಮೇಲೆ ಕೇಳಿದಳು, "ಹಾಗಾದ್ರೆ ಕೈ ಯಾಕೆ ಹಿಡಿದ್ರಿ? ಯಾಕೆ ಅತ್ರಿ?"

ಟೀಚರಮ್ಮ ಗೋಡೆ ನೋಡಿದರು. "ಹೋಗ್ತೀಯಲ್ಲ ಅಂತ."

ಅವಳು ಎದ್ದು ಅಡುಗೆಮನೆಗೆ ಹೋದಳು. ಗಂಜಿ ಆರಿ ಕೆನೆಗಟ್ಟಿತು. ಒಳಗಿನಿಂದ ಒಮ್ಮೆ ಅವಳನ್ನು ಕರೆದದ್ದು ಕೇಳಿಸಿತು, ಮತ್ತೊಮ್ಮೆಯೂ ಕೇಳಿಸಿತು. ಅವಳು ನೆಲದ ಮೇಲೆ ಕೂತೇ ಇದ್ದಳು. ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ. ಅಕ್ಕ ಸರಿಯಾಗಿಯೇ ಕೇಳಿಸಿಕೊಂಡಿದ್ದಳು. ಎಲ್ಲರ ಕಿವಿಗೂ ಬಿದ್ದ ಮಾತನ್ನು ತಾನೊಬ್ಬಳೇ ಮಗುಚಿಕೊಂಡಿದ್ದಳು. ಕತ್ತಲಾದ ಮೇಲೆ ಹೋಗಿ ತಣ್ಣಗಿನ ಗಂಜಿಯನ್ನೇ ಉಣಿಸಿದಳು. ಟೀಚರಮ್ಮ ಆಕ್ಷೇಪಿಸದೆ ನುಂಗಿದರು.

ಅವರಿಬ್ಬರೂ ಕೂತು ಮಾತಾಡಿ ಅದನ್ನು ಹಗುರ ಮಾಡಿಕೊಳ್ಳಬಹುದಿತ್ತು. ಅಷ್ಟು ಕಾಲ ಸಿಗಲಿಲ್ಲ. ಬೇಸಿಗೆಗೆ ಎರಡನೆಯ ಸಲ ಲಕ್ವ ಹೊಡೆದು ಇದ್ದ ಮಾತೂ ಹೋಯಿತು, ನೆಟ್ಟಗಿನದೂ ತಿರುಗುಮುರುಗಿನದೂ. ಆ ಮೇಲೆ ಟೀಚರಮ್ಮ ಬಹಳ ಕಾಲ ಬದುಕಿದರು. ಕಣ್ಣು ಮಾತ್ರ ಸೊಸೆಯ ಹಿಂದೆ ಹಿಂದೆ ಓಡಾಡುತ್ತಿತ್ತು. ಅವಳು ಮೈ ಒರೆಸಿದಳು, ಮಗ್ಗುಲು ಬದಲಿಸಿದಳು, ಬೆನ್ನು ಹುಣ್ಣಾಗದಂತೆ ನೋಡಿಕೊಂಡಳು, ಹಾಸು ಒಗೆದು ಇಸ್ತ್ರಿ ಹಾಕಿ ಹಾಸಿದಳು. ಒಂದು ದಿನವೂ ಕೆಲಸದಲ್ಲಿ ಕೊರತೆ ಮಾಡಲಿಲ್ಲ. ಕ್ಷಮಿಸಿದಳೇ ಎಂದರೆ, ಇಲ್ಲ. ಅಕ್ಕ ಒಮ್ಮೆ ಬಂದಾಗ ಅದನ್ನೇ ಕೇಳಿದಳು. ಕ್ಷಮಿಸೋಕೆ ಅವರೇನು ಸುಳ್ಳು ಹೇಳಿದ್ರಾ ಎಂದಳು ಇವಳು.

ಟೀಚರಮ್ಮ ತೀರಿಕೊಂಡ ಮರುದಿನ ಗಂಡ ಬಂದ, ತಲೆ ನರೆತಿತ್ತು. ಅಂತ್ಯಕ್ರಿಯೆಯೆಲ್ಲ ಅಷ್ಟರಲ್ಲಿ ಮುಗಿದಿತ್ತು. ತಾಯಿಯ ಮಂಚದ ಮೇಲೆ ಕೂತು ಸ್ವಲ್ಪ ಅತ್ತ, ಮತ್ತೆ ಕಾಫಿ ಕೇಳಿದ. ಅವನ ಜೊತೆಗಿದ್ದ ಹೆಂಗಸು ಬೆಳೆದ ಮಗುವನ್ನು ಕರೆದುಕೊಂಡು ತನ್ನ ಪಾಡಿಗೆ ಹೋಗಿಯಾಗಿತ್ತಂತೆ. ತಾನಿನ್ನು ಇಲ್ಲೇ ಇರುವುದಾಗಿ ಹೇಳಿದ.

"ನೀನೂ ಇರು," ಎಂದ. "ಎಲ್ಲಿಗೆ ಹೋಗ್ತೀಯ?"

ಅವಳು ಕಾಫಿ ಕೊಟ್ಟು, ಲೋಟ ತೊಳೆದಿಟ್ಟು, ಬಟ್ಟೆಗಳನ್ನು ಗಂಟು ಕಟ್ಟಿದಳು. ಜಗಳವೇನೂ ಆಗಲಿಲ್ಲ. ಅವನು ಬಾಗಿಲವರೆಗೆ ಬಂದವನು ಅಲ್ಲೇ ನಿಂತ.

ಈಗ ಅವಳಿರುವುದು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಬೀಗದ ಕೈ ಅವಳದೇ. ಯಾರೂ ಕರೆಯುವುದಿಲ್ಲ, ಯಾರನ್ನೂ ಎಬ್ಬಿಸಿ ಕೂರಿಸಬೇಕಾಗಿಲ್ಲ. ಅಕ್ಕ ಬಂದು ನೋಡಿ, ಅಂತೂ ಬಿಡುಗಡೆ ಆಯ್ತಲ್ಲ ಎಂದಳು. ಇವಳು ಹೂಂ ಎಂದಳು.

ಪಾಳಿ ಮುಗಿದು ಉಳಿದವರೆಲ್ಲ ಕೈ ತೊಳೆದು ಹೊರಟರೂ ಅವಳು ನೆಲಮಾಳಿಗೆಯ ಇಸ್ತ್ರಿ ಮೇಜು ಬಿಟ್ಟು ಕದಲುವುದಿಲ್ಲ. ಮೇಸ್ತ್ರಿ ಬಾಯ್ಲರು ಆರಿಸಲು ಬಂದು, ಮನೆಗೆ ಹೋಗಮ್ಮ ಎನ್ನುತ್ತಾನೆ. ಇನ್ನೊಂದು ಹಾಸು ಇದೆ ಎಂದು ಅವಳು ಆಗಲೇ ಮಡಚಿಟ್ಟಿದ್ದನ್ನು ಬಿಚ್ಚಿ ಮತ್ತೆ ಹರವುತ್ತಾಳೆ.